ಕೋಟೆಯಲ್ಲಿ ಉಳಿದುಹೋದ ಮದುವೆ ಕ್ಯಾಸೆಟ್ಟು

ಸುನಂದಮ್ಮ ಮದುವೆಯಾಗಿ ಹೊಸ ಅಗ್ರಹಾರ ಎಂಬ ಹಳ್ಳಿಗೆ ಬಂದು ಮೂವತ್ತು ವರ್ಷದ ಮೇಲಾಗಿತ್ತು. ಇಷ್ಟು ವರ್ಷದಲ್ಲಿ ಅವಳು ಅತ್ತೆಯ ಬಾಯಿಂದ ಕೇಳಿಸಿಕೊಂಡ ದೂರು ಒಂದೇ ಒಂದು. ಅಡುಗೆ ಸರಿಯಿಲ್ಲ, ಕೈಕೆಲಸ ನಿಧಾನ, ತವರಿನವರು ಕೊಟ್ಟದ್ದು ಸಾಲದು ಎಂಬಂಥ ಮಾತು ಅತ್ತೆ ಭದ್ರಮ್ಮನ ಬಾಯಲ್ಲಿ ಬಂದದ್ದೇ ಇಲ್ಲ. ಆದರೆ ಮನೆಗೆ ನೆಂಟರು ಬಂದು ಎಲೆಅಡಿಕೆ ತಟ್ಟೆ ಮುಂದಕ್ಕೆ ಸರಿದರೆ ಸಾಕು, "ನಮ್ ಸೊಸೆ ಧಾರೆ ಒತ್ನಲ್ಲಿ ಕಿಸಕ್ಕನೆ ನಕ್ಕೋಳು ಕಣವ್ವ" ಎಂದು ಶುರು ಮಾಡಿಬಿಡುತ್ತಿದ್ದಳು. ಕೇಳಿದವರು ಸುನಂದಮ್ಮನ ಕಡೆ ತಿರುಗಿ, ಹೌದಾ ತಾಯಿ, ಎಂದು ಮುಖ ನೋಡುತ್ತಿದ್ದರು. ಅವಳು ಕಾಫಿ ಲೋಟ ಎತ್ತಿಕೊಂಡು ಒಳಕ್ಕೆ ಹೋಗಿಬಿಡುತ್ತಿದ್ದಳು.

ನಕ್ಕಿದ್ದೇನೋ ನಿಜ. ಧಾರೆಯ ಹೊತ್ತಿಗೆ ಸರಿಯಾಗಿ ಮದುಮಗ ತಿಮ್ಮಯ್ಯನ ಬಾಸಿಂಗ ಹಣೆಯಿಂದ ಜಾರಿ ಮೂಗಿನ ಮೇಲೆ ಬಂದು ಕೂತಿತ್ತು. ಎರಡು ಕೈಯೂ ಧಾರೆಗೆ ಸಿಕ್ಕಿಕೊಂಡಿದ್ದವು. ಬಾಸಿಂಗವನ್ನು ಮೇಲಕ್ಕೆ ಕಳಿಸಬೇಕೆಂದು ಅವನು ಮೂಗನ್ನು ಮೊಲದ ಹಾಗೆ ಕುಣಿಸತೊಡಗಿದ. ಇಪ್ಪತ್ತರ ಹುಡುಗಿ ಎಷ್ಟು ಹೊತ್ತು ತಡೆದುಕೊಂಡಾಳು? ನಗು ಒಮ್ಮೆ ಹೊರಗೆ ಬಿದ್ದದ್ದು ತಾಳಿ ಕಟ್ಟಿ ಮುಗಿಯುವವರೆಗೂ ನಿಲ್ಲಲಿಲ್ಲ.

ಭದ್ರಮ್ಮ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಅತ್ತೆ ಸೊಸೆ ಚೆನ್ನಾಗಿಯೇ ಇದ್ದರು. ಕಡೆಗಾಲದಲ್ಲಿ ಆ ಮುದುಕಿ ಸೊಸೆಯ ಕೈಯಿಂದಲ್ಲದೆ ಬೇರೆಯವರಿಂದ ಗಂಜಿ ಕುಡಿಯುತ್ತಿರಲಿಲ್ಲ. ಆದರೂ ಆ ಒಂದು ಮಾತು ಸುನಂದಮ್ಮನ ಮನಸ್ಸಿನ ಮೂಲೆಯಲ್ಲಿ ಸಣ್ಣ ಮುಳ್ಳಿನ ಹಾಗೆ ಉಳಿದಿತ್ತು. ದೊಡ್ಡವರ ಮುಂದೆ, ಅಂಥ ಗಳಿಗೆಯಲ್ಲಿ, ತಾನೊಬ್ಬಳೇ ಹಾಗೆ ನಕ್ಕು ಹಗುರಾಗಿಬಿಟ್ಟೆ ಎಂದು ಅವಳು ನಂಬಿದ್ದಳು.

ಈ ವರ್ಷ ಅವಳ ಮಗಳು ರೂಪಶ್ರೀಯ ಮದುವೆ ಗೊತ್ತಾಯಿತು. ರೂಪಶ್ರೀ ಕೆ.ಆರ್. ನಗರದ ಆಸ್ಪತ್ರೆಯೊಂದರಲ್ಲಿ ನರ್ಸು. ಗಂಡು ಪಿರಿಯಾಪಟ್ಟಣದ ಕಡೆಯವನು. ಈಗಿನ ಮದುವೆಗಳಲ್ಲಿ ಛತ್ರದ ಬಾಗಿಲಲ್ಲಿ ಆಳೆತ್ತರದ ಪರದೆ ನಿಲ್ಲಿಸಿ ಫೋಟೋ, ವಿಡಿಯೋ ಓಡಿಸುತ್ತಾರಲ್ಲ, ಅದರಲ್ಲಿ ಅಪ್ಪ ಅಮ್ಮನ ಮದುವೆಯ ವಿಡಿಯೋವನ್ನೂ ಒಂದಿಷ್ಟು ಹಾಕಿಸಬೇಕೆಂದು ಅವಳಿಗೆ ಆಸೆ. ಕ್ಯಾಸೆಟ್ಟು ಎಲ್ಲಿ ಎಂದು ಕೇಳಿದಳು.

ಬೀರುವಿನ ತಳದಲ್ಲಿ, ಧಾರೆ ಸೀರೆಯ ಮಡಿಕೆಯೊಳಗೆ ಅದು ಕ್ಷೇಮವಾಗಿತ್ತು. ಕಪ್ಪು ಡಬ್ಬಿ, ಮೇಲೆ ಗಣೇಶನ ಚಿತ್ರ, ಕೆಳಗೆ ಬಂಗಾರದ ಬಣ್ಣದಲ್ಲಿ 'ಶುಭ ವಿವಾಹ'. ಹೆಸರು ಬರೆಯುವ ಜಾಗ ಖಾಲಿ. ಸುನಂದಮ್ಮ ಅದನ್ನು ಹೊರಗೆ ತೆಗೆದವಳು ಒಂದು ಗಳಿಗೆ ಕೈಯಲ್ಲೇ ಹಿಡಿದುಕೊಂಡಳು. ಈ ಕ್ಯಾಸೆಟ್ಟನ್ನು ಅವಳು ಜೀವಮಾನದಲ್ಲಿ ನೋಡಿದ್ದು ಒಂದೇ ಸಲ, ಅದೂ ಅರ್ಧ.

ಮದುವೆಯಾದ ವರ್ಷ ಅಗ್ರಹಾರದ ಮನೆಯಲ್ಲಿ ಟಿ.ವಿ. ಇರಲಿಲ್ಲ. ಮೊದಲ ಗೌರಿ ಹಬ್ಬಕ್ಕೆ ತವರಿಗೆ ಹೊರಟಾಗ ಕ್ಯಾಸೆಟ್ಟನ್ನು ಜೊತೆಗೆ ಒಯ್ದಿದ್ದಳು. ಅವಳ ತವರು ಎಚ್.ಡಿ. ಕೋಟೆಯ ಪಕ್ಕದ ಒಂದು ಹಳ್ಳಿ. ತಮ್ಮ ಶಶಿಕುಮಾರ ಕೋಟೆಯಿಂದ ಟಿ.ವಿ., ವಿ.ಸಿ.ಪಿ. ಬಾಡಿಗೆಗೆ ತರಿಸಿದ. ವಿ.ಸಿ.ಪಿ. ಎಂದರೆ ಕ್ಯಾಸೆಟ್ಟನ್ನು ಬಾಯಿಗೆ ಕೊಟ್ಟರೆ ಟಿ.ವಿ.ಯಲ್ಲಿ ಚಿತ್ರ ಓಡಿಸುವ ಪೆಟ್ಟಿಗೆ. ಹಬ್ಬ, ನಾಮಕರಣ, ತಿಥಿ ಏನೇ ಇರಲಿ, ಆಗ ಹಳ್ಳಿಯವರು ಅದನ್ನು ಬಾಡಿಗೆಗೆ ತಂದು ಅಂಗಳದಲ್ಲಿ ಸಿನಿಮಾ ನೋಡುತ್ತಿದ್ದರು. ಅದನ್ನು ತಂದವನು ಗುಂಗುರು ಕೂದಲಿನ, ಮಾತಿಗೆ ಮುಂಚೆ ನಗುವ ಒಬ್ಬ ಹುಡುಗ. ಸಂಜೆ ಊರಿಗೂರೇ ಅಂಗಳ ತುಂಬಿ ಕೂತಿತು. ಧಾರೆಯ ನಗು ಬಂದಾಗ ಎಲ್ಲರೂ ಗೊಳ್ಳೆಂದರು. ಇನ್ನೊಂದು ಸಲ ಹಾಕಪ್ಪ ಎಂದರು ಯಾರೋ. ಆ ಹುಡುಗ ಹಿಂದಕ್ಕೆ ಸುತ್ತಿ ಮತ್ತೆ ಹಾಕಿದ. ಆಮೇಲೆ ಮತ್ತೊಂದು ಸಲ. ಸುನಂದಮ್ಮ ಅವಮಾನದಿಂದ ಅಡುಗೆಮನೆ ಸೇರಿದವಳು ಎಲ್ಲ ಮುಗಿದ ಮೇಲೆಯೇ ಹೊರಗೆ ಬಂದದ್ದು.

ಕ್ಯಾಸೆಟ್ಟನ್ನು ಪೆನ್‌ಡ್ರೈವಿಗೆ ಹಾಕಿಕೊಡುವವರು ಹುಣಸೂರಿನಲ್ಲಿ ಇದ್ದಾರೆಂದು ರೂಪಶ್ರೀ ಪತ್ತೆ ಮಾಡಿದಳು. ಒಂದು ಭಾನುವಾರ ಬೆಳಿಗ್ಗೆ ಮೂವರೂ ಬಸ್ಸು ಹತ್ತಿದರು. ತಿಮ್ಮಯ್ಯ ಅಂದು ಬಹಳ ಖುಷಿಯಲ್ಲಿದ್ದ. ಅದಕ್ಕೆ ಕಾರಣವಿತ್ತು. ಅವನು ಗದ್ದೆ ಮಾಡುವ ರೈತನಾದರೂ ಹರೆಯದಲ್ಲಿ ಸಾಲಿಗ್ರಾಮದ ಮೈಕ್‌ಸೆಟ್ ಅಂಗಡಿಯಲ್ಲಿ ಹಾಡಿನ ತಟ್ಟೆ ಹಾಕುವ ಕೆಲಸ ಮಾಡಿದ್ದ. ಆಗ ಹತ್ತಿದ ಹುಚ್ಚು ಬಿಟ್ಟಿರಲಿಲ್ಲ. ತಟ್ಟೆ, ಟೇಪು, ರೇಡಿಯೋ ಇವುಗಳ ಬಗ್ಗೆ ಎಲ್ಲೆಲ್ಲಿಂದಲೋ ವಿಚಾರ ಹೆಕ್ಕಿ ತಲೆಯಲ್ಲಿ ತುಂಬಿಕೊಂಡಿದ್ದ. ಯಾರೇ ಸಿಕ್ಕಲಿ, ಯೋಗಕ್ಷೇಮ ಮುಗಿಯುವ ಮುಂಚೆಯೇ ಒಂದು ಪ್ರಶ್ನೆ ಎಸೆಯುತ್ತಿದ್ದ. ಹಾಲಿನ ಡೇರಿಯಲ್ಲಿ, ನಾಲೆಯ ಏರಿಯ ಮೇಲೆ, ಹೆಣ ಸುಡುವ ಜಾಗದಲ್ಲೂ ಕೇಳಿದ್ದನೆಂದು ಊರವರು ಹೇಳುತ್ತಿದ್ದರು.

ಆವತ್ತು ಸಿಕ್ಕಿಬಿದ್ದವನು ಬಸ್ಸಿನ ಕಂಡಕ್ಟರು. ಗ್ರಾಮಫೋನಿನ ಹಳೆಯ ತಟ್ಟೆಗಳನ್ನು ಏತರಿಂದ ಮಾಡುತ್ತಿದ್ದರು ಗೊತ್ತಾ ಎಂದು ತಿಮ್ಮಯ್ಯ ಕೇಳಿದ. ಪ್ಲಾಸ್ಟಿಕ್ಕು ಎಂದ ಅವನು. ಅಲ್ಲ, ಅರಗು, ಮರಕ್ಕೆ ಮುತ್ತುವ ಒಂದು ಸಣ್ಣ ಹುಳ ಸ್ರವಿಸುವ ಅಂಟು, ಅದು ನಮ್ಮ ದೇಶದ ಕಾಡುಗಳಿಂದಲೇ ಹಡಗು ಹತ್ತಿ ಹೋಗುತ್ತಿತ್ತು, ಲೋಕದ ದೊಡ್ಡ ದೊಡ್ಡ ಹಾಡುಗಾರರೆಲ್ಲ ಹುಳದ ಅಂಟಿನ ಮೇಲೆ ಹಾಡಿದವರೇ ಎಂದು ತಿಮ್ಮಯ್ಯ ವಿವರಿಸಿದ. ಕಂಡಕ್ಟರು ಟಿಕೆಟ್ ಕೊಡುವುದನ್ನು ಬಿಟ್ಟು ಕೇಳಿದ. ಹಿಂದಿನ ಸೀಟಿನವರೂ ಕತ್ತು ಚಾಚಿದರು. ಸುನಂದಮ್ಮ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಕೂತಳು.

ಹುಣಸೂರಿನ ಪೇಟೆಬೀದಿಯ ಸಂದಿಯಲ್ಲಿ ಶಿವಶಂಕರ ಎಂಬಾತನ ಸ್ಟುಡಿಯೋ. ಈಗ ಅಲ್ಲಿ ನಡೆಯುವುದು ಹೆಚ್ಚಾಗಿ ಪಾಸ್‌ಪೋರ್ಟ್ ಸೈಜಿನ ಫೋಟೋ, ಲ್ಯಾಮಿನೇಷನ್ನು. ಆದರೂ ಹಳೆಯ ಕ್ಯಾಸೆಟ್ ಓಡಿಸುವ ಯಂತ್ರವನ್ನು ಆತ ಜೋಪಾನ ಮಾಡಿಕೊಂಡಿದ್ದ. ಕ್ಯಾಸೆಟ್ಟಿನ ಅಂಚಿನ ಮುಚ್ಚಳ ಎತ್ತಿ, ಟೇಪಿಗೆ ಬೂಷ್ಟು ಹಿಡಿದಿಲ್ಲವೆಂದು ಸಮಾಧಾನಪಟ್ಟು, ಯಂತ್ರಕ್ಕೆ ಕೊಟ್ಟ. ಇದರೊಳಗೆ ಕಾಲು ಕಿಲೋಮೀಟರು ಉದ್ದದ ಟೇಪು ಇದೆ ಎಂದು ತಿಮ್ಮಯ್ಯ ಮಗಳಿಗೆ ಹೇಳುತ್ತಿರುವಾಗಲೇ ಪರದೆಯ ಮೇಲೆ ಗೆರೆಗಳು ಹರಿದಾಡಿ, ಗುಲಾಬಿಯ ಪಕಳೆಗಳು ಉದುರಿ, ಎರಡು ಹೃದಯಗಳು ಬಂದು ಒಂದಕ್ಕೊಂದು ಅಂಟಿಕೊಂಡವು. ಆ ಹೃದಯದೊಳಗಿಂದ ತೆಳ್ಳಗೆ ಉದ್ದಕ್ಕೆ ಒಬ್ಬ ಮದುಮಗಳು ಎದ್ದುಬಂದಳು.

ಮೂವರೂ ಬಗ್ಗಿ ನೋಡಿದರು.

"ಇದ್ಯಾರಮ್ಮಿ?" ಎಂದ ತಿಮ್ಮಯ್ಯ, ಹೆಂಡತಿಗೆ ಗೊತ್ತಿರಲೇಬೇಕು ಎನ್ನುವ ಹಾಗೆ.

ಸ್ವಲ್ಪ ಮುಂದಕ್ಕೆ ಓಡಿಸಿ ಎಂದಳು ರೂಪಶ್ರೀ. ಓಡಿಸಿದರು. ಗೊತ್ತಿಲ್ಲದ ಛತ್ರ, ಗೊತ್ತಿಲ್ಲದ ನೆಂಟರು, ಗೊತ್ತಿಲ್ಲದ ಅಡುಗೆಯವರು. ಮಂಟಪದ ಹಿಂದಿನ ಕೆಂಪು ಬಟ್ಟೆಯ ಮೇಲೆ ಥರ್ಮೋಕೋಲಿನ ಅಕ್ಷರದಲ್ಲಿ 'ಮೂರ್ತಿ' ಎಂದೂ 'ಭಾಗ್ಯ' ಎಂದೂ ಅಂಟಿಸಿದ್ದರು. ಶಿವಶಂಕರ ನಿಧಾನವಾಗಿ ಇವರ ಕಡೆ ತಿರುಗಿ, ಇದರಲ್ಲಿ ನೀವು ಎಲ್ಲಿದ್ದೀರಿ ಎಂದು ಕೇಳಿದ.

"ನಾನೂ ಇಲ್ಲ, ಇವ್ಳೂ ಇಲ್ಲ," ಎಂದ ತಿಮ್ಮಯ್ಯ. "ಮೂವತ್ತು ವರ್ಸ ಬೇರೇವ್ರ ಮದ್ವೇನ ಬೀರುಲಿಟ್ಟು ಕಾದಿವಿ ಕಣ್ರೀ."

ರೂಪಶ್ರೀಗೆ ನಗುವುದೋ ಬೇಜಾರು ಮಾಡಿಕೊಳ್ಳುವುದೋ ತಿಳಿಯಲಿಲ್ಲ. ಆದರೆ ಸುನಂದಮ್ಮ ಪರದೆಯಿಂದ ಕಣ್ಣು ಕಿತ್ತಿರಲಿಲ್ಲ. ಮದುಮಗ ಪೇಟ ತೆಗೆದು ಬೆವರು ಒರೆಸಿಕೊಳ್ಳುತ್ತಿದ್ದ. ತಲೆ ತುಂಬ ಗುಂಗುರು ಕೂದಲು. ಕ್ಯಾಮೆರಾ ಕಂಡವನೇ ನಕ್ಕ. ಆ ನಗು ನೋಡಿದ ಕೂಡಲೇ ಅವಳಿಗೆ ಹೊಳೆಯಿತು. ಗೌರಿ ಹಬ್ಬಕ್ಕೆ ವಿ.ಸಿ.ಪಿ. ತಂದವನು, ತನ್ನ ನಗುವನ್ನು ಹಿಂದಕ್ಕೆ ಸುತ್ತಿ ಸುತ್ತಿ ಹಾಕಿದವನು ಇವನೇ. ಅವತ್ತು ಟಿ.ವಿ.ಯ ಮೇಲೆ ಅವನ ಕ್ಯಾಸೆಟ್ಟುಗಳೂ ಇದ್ದವು, ತನ್ನದೂ ಇತ್ತು. ಹೊರಡುವಾಗ ಅವನು ತನ್ನದನ್ನು ಬಿಟ್ಟು ಇವರದನ್ನು ಎತ್ತಿಕೊಂಡು ಹೋಗಿದ್ದಾನೆ.

ಅಲ್ಲಿಂದಲೇ ತಮ್ಮನಿಗೆ ಫೋನು ಹಚ್ಚಿದಳು. ಕೋಟೆಯಿಂದ ವಿ.ಸಿ.ಪಿ. ತರುತ್ತಿದ್ದ ಮೂರ್ತಿ ಎನ್ನುವವನು ಗೊತ್ತಾ, ನಮ್ಮ ಕ್ಯಾಸೆಟ್ಟು ಅವನ ಹತ್ತಿರ ಅದಲುಬದಲಾಗಿದೆ ಎಂದಳು. 

"ಅಕ್ಕ," ಎಂದ ಶಶಿಕುಮಾರ. "ಅವ್ನು ಬಂದಿದ್ದ ಕಣಕ್ಕ. ಕ್ಯಾಸೆಟ್ ಬದ್ಲಾಗದೆ, ನಿಮ್ಮಕ್ಕ ಬಂದಾಗ ಏಳಿ ಅಂದಿದ್ದ. ನಾನು ನಿಂಗೆ ಏಳ್ಲಿಲ್ವಾ?"

ಯಾವಾಗ ಬಂದಿದ್ದ ಎಂದು ಕೇಳಿದಳು. ಅದೇ ವರ್ಷ, ದೀಪಾವಳಿಯ ಆಸುಪಾಸು ಎಂದ. ಸುನಂದಮ್ಮ ಬಾಣಂತನಕ್ಕೆ ಬಂದಾಗ ಹೇಳಬೇಕೆಂದುಕೊಂಡಿದ್ದನಂತೆ. ಮಗು ಹುಟ್ಟಿದ ಗಡಿಬಿಡಿಯಲ್ಲಿ ಮರೆತದ್ದು ಮರೆತೇಹೋಯಿತಂತೆ. ಆ ಮಗು ಈಗ ಪಕ್ಕದಲ್ಲಿ ನಿಂತು, ಮಾಮ ಏನಂತೆ ಎಂದು ಸನ್ನೆ ಮಾಡುತ್ತಿತ್ತು. ತಮ್ಮನಿಗೆ ಬೈಯಬೇಕೆಂದು ಸುನಂದಮ್ಮ ಬಾಯಿ ತೆರೆದಳು, ಆದರೆ ಬೈಗುಳದ ಬದಲು ನಗು ಬಂತು. ಮೂರ್ತಿ ಈಗಲೂ ಕೋಟೆ ಬಸ್‌ಸ್ಟ್ಯಾಂಡಿನ ಹಿಂದೆ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದಾನೆ, ಮನೆಯೂ ಅಲ್ಲೇ ಎಂದು ಶಶಿಕುಮಾರ ಅವಸರವಾಗಿ ದಾರಿ ಹೇಳಿ ಫೋನು ಇಟ್ಟ.

ಹುಣಸೂರಿನಿಂದ ಕೋಟೆಗೆ ಹೋಗಲು ಎಷ್ಟು ಹೊತ್ತು ಬೇಕು? ಕ್ಯಾಸೆಟ್ಟನ್ನು ಚೀಲಕ್ಕೆ ಹಾಕಿಕೊಂಡು ಹೊರಟೇಬಿಟ್ಟರು. ದಾರಿಯುದ್ದಕ್ಕೂ ಸುನಂದಮ್ಮನ ಎದೆಯಲ್ಲಿ ಒಂದೇ ಯೋಚನೆ. ಅವರ ಕ್ಯಾಸೆಟ್ಟನ್ನು ನಾವಾದರೋ ಸೀರೆಯಲ್ಲಿ ಸುತ್ತಿ ಇಟ್ಟಿದ್ದೆವು. ನಮ್ಮದನ್ನು ಅವರು ಇಟ್ಟುಕೊಂಡಿರುತ್ತಾರಾ? ಬೇರೆಯವರ ಮದುವೆ ಯಾರಿಗೆ ಬೇಕು? ಅದರ ಮೇಲೆ ಸಿನಿಮಾ ತುಂಬಿಸಿಕೊಂಡಿರಬಹುದು, ಗುಜರಿಗೆ ಹಾಕಿರಬಹುದು.

ಅಂಗಡಿಯಲ್ಲಿ ಕನ್ನಡಕ ಹಾಕಿಕೊಂಡ ಒಬ್ಬ ಹುಡುಗಿ ಯಾರದೋ ಪಹಣಿ ಜೆರಾಕ್ಸ್ ಮಾಡುತ್ತಿದ್ದಳು. ಅವಳು ಮೂರ್ತಿಯ ಮಗಳು ಸಂಘಮಿತ್ರ, ಬಿ.ಎಡ್. ಓದುತ್ತಿದ್ದಳು. ಮೂರ್ತಿಯವರು ಇದ್ದಾರಾ ಎಂದು ಸುನಂದಮ್ಮ ಕೇಳಿದಳು. ಹುಡುಗಿ ತಲೆ ಎತ್ತಿದಳು. ಇವಳ ಮುಖವನ್ನೇ ನೋಡಿದಳು. ಆಮೇಲೆ ಹಿಂದೆ ನಿಂತಿದ್ದ ತಿಮ್ಮಯ್ಯನನ್ನು, ಅವನ ಮೂಗನ್ನು, ಮತ್ತೆ ಇವಳನ್ನು. ಕೈಯಲ್ಲಿದ್ದ ಪಹಣಿಯನ್ನು ಹಾಗೇ ಹಿಡಿದುಕೊಂಡು ಒಳಬಾಗಿಲ ಕಡೆ ತಿರುಗಿ ಕೂಗಿದಳು:

"ಅವ್ವ, ಬಾ ಇಲ್ಲಿ. ಮದ್ಲಗಿತ್ತಿ ಬಂದವ್ರೆ."

ಐವತ್ತು ದಾಟಿದ, ಕಿವಿಯ ಹತ್ತಿರ ಕೂದಲು ಬೆಳ್ಳಗಾದ ಸುನಂದಮ್ಮ ತನ್ನ ಹಿಂದೆ ಯಾವುದಾದರೂ ಮದುಮಗಳು ಬಂದಿದ್ದಾಳಾ ಎಂದು ತಿರುಗಿ ನೋಡಿದಳು.

ಒಳಗಿನಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದವಳು ಭಾಗ್ಯ. ಹೃದಯದೊಳಗಿಂದ ಎದ್ದುಬಂದ ಆ ಉದ್ದನೆಯ ಹುಡುಗಿ ಈಗ ತುಂಬಿಕೊಂಡ ಮೈಯ ಗೃಹಿಣಿಯಾಗಿದ್ದಳು. ಅವಳೂ ನೋಡಿದ ಕೂಡಲೇ ಗುರುತು ಹಿಡಿದಳು. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ಎಷ್ಟೋ ದಿನದ ಮೇಲೆ ಬಂದ ಅಕ್ಕನನ್ನು ಕರೆಯುವ ಹಾಗೆ ಕೈ ಹಿಡಿದು, ಬನ್ನಿ ಸುನಂದಕ್ಕ, ಎಂದು ಒಳಗೆ ಕರೆದುಕೊಂಡು ಹೋದಳು. ಮೂಲೆಯ ಮಂಚದ ಮೇಲೆ ಮೂರ್ತಿಯ ತಾಯಿ ಸಣ್ಣತಾಯಮ್ಮ ಕಾಲು ನೀಡಿಕೊಂಡು ಕೂತಿದ್ದಳು. ಅವಳು ತಿಮ್ಮಯ್ಯನನ್ನು ಹತ್ತಿರ ಕರೆದು, ನಿನ್ನ ಬಾಸಿಂಗ ಕಟ್ಟಿದ ಪುಣ್ಯಾತ್ಮ ಯಾರಪ್ಪ, ಒಂದು ಗಂಟು ಹಾಕೋಕೆ ಬರಲಿಲ್ಲವಲ್ಲ ಅವನಿಗೆ, ಎಂದು ಕೇಳಿದಳು. ಪ್ರಶ್ನೆ ಕೇಳುವುದನ್ನಷ್ಟೇ ಬಲ್ಲ ತಿಮ್ಮಯ್ಯ ಮೂಗು ಮುಟ್ಟಿಕೊಂಡ.

ಅಷ್ಟರಲ್ಲಿ ಮೂರ್ತಿ ಬಂದ. ಗುಂಗುರು ಕೂದಲು ಹೋಗಿ ತಲೆ ಬೋಳಾಗಿತ್ತು, ನಗು ಮಾತ್ರ ಹಾಗೇ ಇತ್ತು. ಆಗ ಎಲ್ಲ ಬಯಲಾಯಿತು.

ಬಾಡಿಗೆಗೆ ಹೋಗುವಾಗ ಮೂರ್ತಿ ಹೊಸದಾಗಿ ಬಂದ ತನ್ನ ಮದುವೆಯ ಕ್ಯಾಸೆಟ್ಟನ್ನೂ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿರುತ್ತಿದ್ದ. ಎಲ್ಲಾದರೂ ಅವಕಾಶ ಸಿಕ್ಕರೆ ನಾಲ್ಕು ಜನಕ್ಕೆ ತೋರಿಸುವ ಹುಮ್ಮಸ್ಸು. ಎರಡಕ್ಕೂ ಒಂದೇ ಥರದ ಡಬ್ಬಿ. ದೀಪಾವಳಿಗೆ ಮನೆಯಲ್ಲಿ ಹಾಕಿದರೆ ಇವರ ಮದುವೆ ಓಡಿತು. ಭಾಗ್ಯ ಅತ್ತು ಕರೆದು, ಎರಡು ದಿನ ಮಾತು ಬಿಟ್ಟಳು. ಆಗಲೇ ಅವನು ಶಶಿಕುಮಾರನ ಹತ್ತಿರ ಹೋಗಿ ಹೇಳಿಬಂದದ್ದು. ಅಕ್ಕ ಬಂದಾಗ ತರಿಸುತ್ತೇನೆ ಎಂದು ಅವನೇನೋ ಹೇಳಿದ. ಇವರು ಕಾದರು. ಕಾಯುತ್ತಿರುವಾಗ ನೆಂಟರು ಬಂದು ಮದುವೆ ಕ್ಯಾಸೆಟ್ಟು ಹಾಕು ಎಂದರೆ ಹಾಕಲು ಮನೆಯಲ್ಲಿದ್ದದ್ದು ಇದೊಂದೇ. ಹಾಕಿದರು. ಜನರಿಗೆ ಇಷ್ಟವಾಯಿತು. ಸಿನಿಮಾಕ್ಕಿಂತ ಇದೇ ಚೆನ್ನಾಗಿದೆ ಎಂದರು. ಬರಬರುತ್ತ ಹಬ್ಬದ ದಿನ ಊಟ ಮುಗಿಸಿ ಇವರ ಮದುವೆ ನೋಡುವುದು ಆ ಮನೆಯ ವಾಡಿಕೆಯೇ ಆಗಿಹೋಯಿತು.

"ಆಮೇಕೆ ನಂಗೂ ವಾಪಸ್ ಕೊಡಾಕೆ ಮನ್ಸಿರ್ಲಿಲ್ಲ ಬುಡಕ್ಕ," ಎಂದಳು ಭಾಗ್ಯ. "ಇವ್ಳು ಸಣ್ಣೋಳಿದ್ದಾಗ ಇದು ನಮ್ದೇ ಮದ್ವೆ ಅನ್ಕೊಂಡಿದ್ಲು. ಅವ್ವ, ನೀನಾಗ ಎಷ್ಟು ಕುಳ್ಳಕ್ಕಿದ್ದೆ ಅನ್ನೋಳು."

ಊಟ ಮಾಡದೆ ಹೋಗಕೂಡದೆಂದು ಹಿಡಿದರು. ಭಾಗ್ಯ ಉಪ್ಪೆಸರಿಗೆ ಇಟ್ಟಳು. ಸುನಂದಮ್ಮ ತಾನಾಗಿ ಅಡುಗೆಮನೆಗೆ ಹೋಗಿ ಅವಳ ಪಕ್ಕ ಕೂತು ಸೊಪ್ಪು ಬಿಡಿಸತೊಡಗಿದಳು. ಬಿಡಿಸುತ್ತಿರುವಾಗ ನೆನಪಾಯಿತು. ಆ ಗೌರಿ ಹಬ್ಬದ ದಿನ ಮೂರ್ತಿಗೆ ಎಲೆ ಹಾಕಿದ್ದು ಮನೆಯೊಳಗಲ್ಲ, ಹೊರಗಿನ ಜಗುಲಿಯ ತುದಿಯಲ್ಲಿ. ಅವತ್ತು ಯಾರಿಗೂ ಅದು ವಿಶೇಷವೆನಿಸಿರಲಿಲ್ಲ, ಅವಳಿಗೂ ಅನಿಸಿರಲಿಲ್ಲ. ಈಗ ಅನಿಸಿತು. ಭಾಗ್ಯ ಮುದ್ದೆ ಕಟ್ಟಿ ತಟ್ಟೆಗಿಟ್ಟಾಗ, ಇನ್ನೊಂದು ಹಾಕಮ್ಮ ಎಂದು ಕೇಳಿ ಹಾಕಿಸಿಕೊಂಡು ಊಟ ಮಾಡಿದಳು.

ಊಟವಾದ ಮೇಲೆ ಮೂರ್ತಿ ಅಟ್ಟದಿಂದ ವಿ.ಸಿ.ಪಿ. ಇಳಿಸಿದ. ಅದರ ಬೆಲ್ಟು ಹೋದಾಗೆಲ್ಲ ಎಲ್ಲಿಂದಲೋ ಹುಡುಕಿ ತಂದು ಹಾಕಿ ಜೀವ ಉಳಿಸಿದ್ದ. ಹಳದಿ, ಕೆಂಪು, ಬಿಳಿ ವೈರುಗಳನ್ನು ಗೋಡೆಯ ಹೊಸ ಟಿ.ವಿ.ಗೆ ಚುಚ್ಚಿದ. ಮೊದಲು ನಿಮ್ಮದು ಎಂದಳು ಭಾಗ್ಯ. ಇಲ್ಲ, ಮೊದಲು ನಿಮ್ಮದೇ ಎಂದು ಸುನಂದಮ್ಮ ಚೀಲದಿಂದ ಕ್ಯಾಸೆಟ್ಟು ತೆಗೆದುಕೊಟ್ಟಳು.

ಹೃದಯಗಳು ಅಂಟಿಕೊಂಡವು. ಭಾಗ್ಯ ಬಾಯಿಗೆ ಸೆರಗು ಹಿಡಿದುಕೊಂಡು ಆ ತೆಳ್ಳನೆಯ ಹುಡುಗಿಯನ್ನು ನೋಡಿದಳು. ಇಷ್ಟು ಸಣ್ಣಕ್ಕಿದ್ದೆನಾ ಎಂದು ತನ್ನಷ್ಟಕ್ಕೆ ಎಂಬಂತೆ ಕೇಳಿಕೊಂಡಳು. ಸ್ವಲ್ಪ ಹೊತ್ತಿನಲ್ಲಿ ಬಿಳಿ ಪಂಚೆಯ, ಹೆಗಲ ಮೇಲೆ ಟವೆಲಿನ ಒಬ್ಬ ಗಂಡಸು ಛತ್ರದ ಬಾಗಿಲಲ್ಲಿ ನಿಂತು ಬಂದವರಿಗೆ ಕೈ ಮುಗಿಯುತ್ತಿರುವುದು ಕಾಣಿಸಿತು. ಸಣ್ಣತಾಯಮ್ಮ ಮಂಚದಿಂದ ಮುಂದಕ್ಕೆ ಬಾಗಿದಳು. ಅದು ಅವಳ ಗಂಡ ಅಂಕಯ್ಯ. ಮೂರ್ತಿಯ ಮದುವೆಯಾದ ಎರಡನೇ ವರ್ಷಕ್ಕೇ ತೀರಿಕೊಂಡವನು. ಮನೆಯಲ್ಲಿ ಅವನದೊಂದು ಫೋಟೋ ಇತ್ತು, ಆದರೆ ಫೋಟೋದಲ್ಲಿ ಅವನು ನಡೆಯುತ್ತಿರಲಿಲ್ಲ, ತಿರುಗಿ ನೋಡುತ್ತಿರಲಿಲ್ಲ. ಮೂರ್ತಿ ಗುಂಡಿ ಒತ್ತಿ ಅಪ್ಪನನ್ನು ಅಲ್ಲೇ ನಿಲ್ಲಿಸಿದ.

"ನಿಲ್ಲಿಸ್‌ಬ್ಯಾಡ ಕಣ್ಲಾ," ಎಂದಳು ಸಣ್ಣತಾಯಮ್ಮ. "ಓಡಾಡ್ಲಿ ಬುಡು."

ಅದು ಮುಗಿದ ಮೇಲೆ ಸುನಂದಮ್ಮನ ಮದುವೆ ಹಾಕಿದರು. ಇದನ್ನು ನೋಡುವುದು ಮಾತ್ರ ಬೇರೆ ಥರದ ಅನುಭವವಾಯಿತು. ಮದುವೆ ಅವಳದು, ಗೊತ್ತಿದ್ದದ್ದು ಆ ಮನೆಯವರಿಗೆ. ಈಗ ಬರುವವರು ಹೋಳಿಗೆ ಅಣ್ಣ ಎಂದಳು ಸಂಘಮಿತ್ರ. ಶಶಿಕುಮಾರ ಪಂಕ್ತಿಯಲ್ಲಿ ಕೂತು, ಆಚೆಈಚೆ ನೋಡಿ, ಪಕ್ಕದ ಎಲೆಯ ಹೋಳಿಗೆಯನ್ನು ತನ್ನ ಎಲೆಗೆ ಎಳೆದುಕೊಂಡ. ರೂಪಶ್ರೀ ಫೋನಿನಲ್ಲಿ ಅದನ್ನು ಹಿಡಿದು ಅಲ್ಲೇ ಮಾಮನಿಗೆ ಕಳಿಸಿದಳು. ನಿದ್ದೆ ತಾತ ಯಾರು, ಮೂರು ಸಲ ಸೀರೆ ಬದಲಿಸಿದ ಚಿಕ್ಕಮ್ಮ ಯಾರು, ಓಲಗದವನ ಕೈಯಿಂದ ತಾಳ ಕಿತ್ತುಕೊಂಡು ಓಡಿದ ಮಗು ಈಗ ಏನಾಗಿದೆ ಎಂದು ಅವರು ಕೇಳುತ್ತಲೇ ಇದ್ದರು, ಸುನಂದಮ್ಮ ಹೇಳುತ್ತಲೇ ಇದ್ದಳು. ಆ ಮಗು ಪೊಲೀಸಾಗಿದೆ ಎಂದು ತಿಳಿದಾಗ ಸಣ್ಣತಾಯಮ್ಮನಿಗೆ ಬಹಳ ಸಂತೋಷವಾಯಿತು.

ಧಾರೆ ಬಂತು. ಬಾಸಿಂಗ ಜಾರಿತು. ತಿಮ್ಮಯ್ಯನ ಮೂಗು ಕುಣಿಯಿತು. ಸುನಂದಮ್ಮ ತಲೆ ತಗ್ಗಿಸಿಕೊಂಡಳು. ಮೂವತ್ತು ವರ್ಷದ ಆ ಮಾತು ಮತ್ತೆ ಕಿವಿಯಲ್ಲಿ ಕೇಳಿದಂತಾಯಿತು. ನಮ್ಮತ್ತೆ ಇದಕ್ಕಾಗಿ ಜೀವ ಇರುವವರೆಗೂ ಆಡಿಕೊಂಡರು ಎಂದು ಭಾಗ್ಯಳಿಗೆ ಹೇಳಿದಳು.

ಸಂಘಮಿತ್ರ ಆಶ್ಚರ್ಯದಿಂದ ತಿರುಗಿದಳು. "ನಿಮ್ಮತ್ತೆ ಅಂದ್ರೆ ಅಕ್ಷತೆ ತಟ್ಟೆ ಇಡ್ಕಂಡಿರೋ ಅಜ್ಜಿ ತಾನೆ? ಮೊದ್ಲು ನಗೋದೇ ಅವ್ರು ಕಣಾಂಟಿ. ನೀವು ಆಮೇಲೆ ನಗೋದು."

ಮೂರ್ತಿ ಕೇಳದೆಯೇ ಹಿಂದಕ್ಕೆ ಸುತ್ತಿದ. ಈ ಸಲ ಸುನಂದಮ್ಮ ಅಡುಗೆಮನೆಗೆ ಓಡಲಿಲ್ಲ, ಟಿ.ವಿ.ಯ ಹತ್ತಿರ ಹೋಗಿ ನಿಂತಳು. ಮದುಮಕ್ಕಳನ್ನು ಬಿಟ್ಟು ಹಿಂದೆ ನೋಡಿ ಎಂದಳು ಹುಡುಗಿ. ನೋಡಿದಳು. ತಿಮ್ಮಯ್ಯನ ಹೆಗಲ ಹಿಂದೆ ಭದ್ರಮ್ಮ ನಿಂತಿದ್ದಳು, ಗಟ್ಟಿ ಮುಖದ ಹೆಂಗಸು. ಬಾಸಿಂಗ ಜಾರಿದ ಕೂಡಲೇ ಅವಳ ಗಲ್ಲ ನಡುಗಿತು. ಸೆರಗಿನ ತುದಿ ಬಾಯಿಗೆ ಹೋಯಿತು. ಹೆಗಲು ಕುಲುಕಿ ಕುಲುಕಿ ತಟ್ಟೆಯಲ್ಲಿದ್ದ ಅಕ್ಷತೆ ಹಿಡಿಹಿಡಿಯಾಗಿ ನೆಲಕ್ಕೆ ಸುರಿಯಿತು. ಅಷ್ಟೆಲ್ಲ ಆದಮೇಲೆ ಮದುಮಗಳು ನಕ್ಕಿದ್ದು.

ಒಂದು ಸಲ ನೋಡಿದವರು ಮದುಮಗಳನ್ನಷ್ಟೇ ನೋಡಿದ್ದರು. ವರ್ಷಗಟ್ಟಲೆ ನೋಡಿದ ಮನೆಯವರ ಕಣ್ಣಿಗೆ ಹಿಂದಿನ ಸಾಲೂ ಬಿದ್ದಿತ್ತು.

ಸುನಂದಮ್ಮ ಮತ್ತೊಂದು ಸಲ ಹಾಕಿಸಿದಳು. ಮತ್ತೂ ಒಂದು ಸಲ. ಕಣ್ಣಲ್ಲಿ ನೀರು ಬಂದದ್ದು ನಗುವಿನದೋ ಇನ್ನೇತರದೋ ಅವಳಿಗೇ ಗೊತ್ತಾಗಲಿಲ್ಲ. ತನ್ನ ಜೊತೆ ನಕ್ಕವಳು ಅತ್ತೆಯೇ. ಆ ನಗುವನ್ನು ಮರೆಯಲಾರದೆಯೇ ಆ ಮುದುಕಿ ಬಂದವರಿಗೆಲ್ಲ ಸೊಸೆಯ ಹೆಸರು ಹೇಳಿಕೊಂಡು ಅದೇ ಕಥೆ ಹೇಳುತ್ತಿದ್ದಳೋ ಏನೋ. ದೂರು ಎಂದು ತಾನು ಕೇಳಿಸಿಕೊಂಡದ್ದು ಅವಳಿಗೆ ದೂರಾಗಿ ಇದ್ದಿರಲಿಕ್ಕೇ ಇಲ್ಲ. ಈಗ ಎದುರಿಗಿದ್ದಿದ್ದರೆ, ಸಿಕ್ಕಿಬಿದ್ದಿರಿ ಅತ್ತೆಮ್ಮ, ಎಂದು ಎಲೆಅಡಿಕೆ ಮಡಿಚಿ ಬಾಯಿಗಿಡುತ್ತಿದ್ದಳು.

ಹೆಂಗಸರು ಹೀಗೆ ಮುಳುಗಿರುವಾಗ ತಿಮ್ಮಯ್ಯ ಮೂರ್ತಿಯನ್ನು ಪಕ್ಕಕ್ಕೆ ಎಳೆದಿದ್ದ. ಹಾಡಿನ ತಟ್ಟೆಯ ಒಂದು ಮಗ್ಗುಲಲ್ಲಿ ಎಷ್ಟು ಗೆರೆ ಇರುತ್ತವೆ ಎಂಬುದು ಅವನ ಬ್ರಹ್ಮಾಸ್ತ್ರ. ಇದುವರೆಗೆ ಒಬ್ಬನೂ ಸರಿಯಾಗಿ ಹೇಳಿರಲಿಲ್ಲ. ಎಲ್ಲರೂ ಸಾವಿರ, ಐನೂರು ಎಂದು ಬಾಯಿಗೆ ಬಂದದ್ದು ಹೇಳುತ್ತಿದ್ದರು.

"ಒಂದೇ," ಎಂದ ಮೂರ್ತಿ. "ಸುತ್ತಿಕೊಂಡು ಸುತ್ತಿಕೊಂಡು ಒಳಕ್ಕೋಗ್ತದೆ. ಈಗ ನೀವೇಳಿ ಅಣ್ಣ. ತಟ್ಟೆ ಅಂಚಿಂದ ಒಳಕ್ಕೆ ಓಡ್ತದೆ, ಸರಿ. ಸಿ.ಡಿ. ಎಲ್ಲಿಂದ ಎಲ್ಲಿಗೆ ಓಡ್ತದೆ?"

ಅದರಲ್ಲಿ ಕೇಳುವುದೇನಿದೆ, ಅದೂ ಅಂಚಿನಿಂದಲೇ ಎಂದ ತಿಮ್ಮಯ್ಯ. ಅಲ್ಲ, ಅದು ಒಳಗಿನಿಂದ ಶುರುವಾಗಿ ಅಂಚಿಗೆ ಹೋಗುತ್ತದೆ ಎಂದ ಮೂರ್ತಿ. ತಿಮ್ಮಯ್ಯ ನಂಬಲಿಲ್ಲ. ರೂಪಶ್ರೀ ಫೋನಿನಲ್ಲಿ ಹುಡುಕಿ ನೋಡಿ ಹೌದೆಂದಳು. ಸೋತ ಮನುಷ್ಯನ ಮುಖ ಸಪ್ಪಗಾಗಬೇಕಲ್ಲ, ತಿಮ್ಮಯ್ಯನ ಮುಖ ಹೂವಿನ ಹಾಗೆ ಅರಳಿತು. ಇಷ್ಟು ವರ್ಷ ಊರಲ್ಲಿ ಪ್ರಶ್ನೆ ಕೇಳಿ ಕೇಳಿ ಅವನಿಗೆ ಸಾಕಾಗಿತ್ತು. ತಿರುಗಿ ಕೇಳುವವನು ಇವತ್ತು ಸಿಕ್ಕಿದ್ದ. ಕೋಟೆಯಿಂದ ಕಡೆಯ ಬಸ್ಸು ತಪ್ಪಿಹೋದೀತೆಂದು ಸುನಂದಮ್ಮ ಕೈ ಹಿಡಿದು ಎಬ್ಬಿಸಬೇಕಾಯಿತು. ವಿ.ಸಿ.ಪಿ.ಯೊಳಗಿನ ಉರುಳೆ ನಿಮಿಷಕ್ಕೆ ಸಾವಿರದ ಐನೂರು ಸುತ್ತು ಸುತ್ತುತ್ತದೆ ಎಂಬ ವಿಷಯವನ್ನು ಮೂರ್ತಿ ಬಸ್ಸಿನ ಕಿಟಕಿಯ ಬಳಿ ನಿಂತು ಹೇಳಿ ಕಳಿಸಿದ.

ಎರಡು ಕ್ಯಾಸೆಟ್ಟುಗಳೂ ಹುಣಸೂರಿನ ಶಿವಶಂಕರನ ಹತ್ತಿರ ಹೋಗಿ ಪೆನ್‌ಡ್ರೈವಿಗೆ ಇಳಿದವು. ಎರಡು ಮನೆಗೂ ಎರಡೆರಡು ಪ್ರತಿ, ಅಂದರೆ ಇಬ್ಬರ ಮದುವೆಯೂ ಇಬ್ಬರಿಗೂ. ಹಾಗಾಗಬೇಕೆಂದು ಭಾಗ್ಯಳೇ ಹೇಳಿದ್ದು. ಸುನಂದಕ್ಕನ ಮದುವೆ ಇಲ್ಲದೆ ಹಬ್ಬ ಮಾಡುವುದು ಹೇಗೆ ಎಂಬುದು ಅವಳ ಪ್ರಶ್ನೆಯಾಗಿತ್ತು.

ರೂಪಶ್ರೀಯ ಮದುವೆಗೆ ಕೋಟೆಯಿಂದ ಅವರೆಲ್ಲ ಹಿಂದಿನ ದಿನವೇ ಬಂದಿಳಿದರು. ಛತ್ರದ ಬಾಗಿಲ ಪರದೆಯ ಮುಂದೆ ಜನ ಗುಂಪುಗೂಡಿತು. ಭದ್ರಮ್ಮ ಸೆರಗು ಬಾಯಿಗೆ ಹಾಕಿಕೊಳ್ಳುವುದನ್ನು ನೋಡಿ ಅಗ್ರಹಾರದ ಹಳಬರು ಹೊಟ್ಟೆ ಹಿಡಿದುಕೊಂಡರು. ಪಿರಿಯಾಪಟ್ಟಣದ ಬೀಗಿತ್ತಿಯೂ ಅದನ್ನು ಎರಡೆರಡು ಸಲ ನೋಡಿದಳು. ಸಂಘಮಿತ್ರ ಮಾತ್ರ ಪರದೆ ನೋಡುತ್ತಿರಲಿಲ್ಲ. ಬಂದ ನೆಂಟರನ್ನೆಲ್ಲ ಒಬ್ಬೊಬ್ಬರನ್ನಾಗಿ ಗುರುತು ಹಿಡಿದು, ಹತ್ತಿರ ಹೋಗಿ, ನೀವು ಮೂರು ಸಲ ಸೀರೆ ಬದಲಿಸಿದವರಲ್ಲವಾ ಎಂದು ಮಾತಾಡಿಸುತ್ತಿದ್ದಳು. ಹೋಳಿಗೆ ಅಣ್ಣ ಶಶಿಕುಮಾರ ಅವಳ ಕಣ್ಣಿಗೆ ಬೀಳದ ಹಾಗೆ ಅಡುಗೆಯವರ ನಡುವೆ ಓಡಾಡಿಕೊಂಡಿದ್ದ. ತಿಮ್ಮಯ್ಯ ಹೆಣ್ಣಿನ ತಂದೆಯಾಗಿ ಬಾಗಿಲಲ್ಲಿ ನಿಲ್ಲಬೇಕಾದವನು ಮೂರ್ತಿಯ ಜೊತೆ ಸ್ಪೀಕರಿನ ಹಿಂದೆ ಬಗ್ಗಿಕೊಂಡಿದ್ದ.

ವೇದಿಕೆಯ ಮೇಲೆ ಫೋಟೋ ಶುರುವಾಯಿತು. ಮೊದಲು ಹತ್ತಿರದ ಬಂಧುಗಳು ಮಾತ್ರ ಬನ್ನಿ ಎಂದು ಫೋಟೋಗ್ರಾಫರು ಕೂಗಿದ. ಸುನಂದಮ್ಮ ಕೆಳಗಿಳಿದು ಹೋಗಿ ಭಾಗ್ಯಳನ್ನೂ ಸಣ್ಣತಾಯಮ್ಮನನ್ನೂ ಕೈ ಹಿಡಿದು ಕರೆತಂದು ಮಗಳ ಪಕ್ಕದಲ್ಲೇ ನಿಲ್ಲಿಸಿದಳು. ಇವರು ಏನಾಗಬೇಕು ಎಂದು ಕೇಳಿದ ಅವನು, ಯಾರನ್ನು ಯಾವ ಸಾಲಿನಲ್ಲಿ ನಿಲ್ಲಿಸಬೇಕೆಂದು ತಿಳಿಯದೆ.

"ನಮ್ ಮದ್ವೇಗೆ ಬಂದಿದ್ದೋರು ಕಣಪ್ಪ," ಎಂದಳು ಸುನಂದಮ್ಮ. "ಎಲ್ರಿಗಿಂತ ಜಾಸ್ತಿ ದಿನ ಇದ್ದೋರು. ತೆಗಿ ನೀನು."